ಅಲೆಗಳ ಮೇಲೆ ಯಾರ ಹಿಡಿತ

2024ರ ಫೆಬ್ರವರಿ 10ರಂದು ವಯನಾಡಿನ ಮಾನಂದವಾಡಿ ಬಳಿ ಕಾಡಾನೆಯೊಂದು ಮನೆಯಂಗಳಕ್ಕೇ ನುಗ್ಗಿ ಒಬ್ಬರನ್ನು ಕೊಂದುಹಾಕಿತು. ದಂತವಿಲ್ಲದ ಗಂಡಾನೆ. ಹಿಂದಿನ ವರ್ಷದ ಕೊನೆಯಲ್ಲಿ ಕರ್ನಾಟಕದ ಅರಣ್ಯ ಇಲಾಖೆಯವರು ಬೇಲೂರಿನ ಕಡೆ ಅದನ್ನು ಹಿಡಿದು, ಕೊರಳಿಗೆ ರೇಡಿಯೋ ಕಾಲರ್ ಕಟ್ಟಿ, ಗುಂಡ್ಲುಪೇಟೆ ತಾಲ್ಲೂಕಿನ ಮೂಲೆಹೊಳೆ ಭಾಗದ ಕಾಡಿಗೆ ತಂದು ಬಿಟ್ಟಿದ್ದರು. ಅದಕ್ಕೂ ವಾರದ ಹಿಂದೆ ಇನ್ನೊಂದು ಕಾಲರ್ ಆನೆ ಅದೇ ಮಾನಂದವಾಡಿ ಪೇಟೆಗೆ ಬಂದಿತ್ತು. ಅರಿವಳಿಕೆ ಕೊಟ್ಟು ಹಿಡಿದು ಬಂಡೀಪುರದ ರಾಮಾಪುರ ಶಿಬಿರಕ್ಕೆ ಸಾಗಿಸಿದ ಮೇಲೆ ಅಲ್ಲಿ ಸತ್ತಿತು. ಕಾಲರಿನ ಮಾಹಿತಿ ಹೊತ್ತಿಗೆ ಸರಿಯಾಗಿ ತಮ್ಮ ಕೈಸೇರಲಿಲ್ಲ ಎಂದು ಕೇರಳದವರು ದೂರಿದರು. ಕರ್ನಾಟಕದವರು ಒಪ್ಪಲಿಲ್ಲ. ಕೊನೆಗೆ ಮಾರ್ಚ್ 10ರಂದು ಬಂಡೀಪುರದಲ್ಲೇ ಎರಡೂ ರಾಜ್ಯಗಳ ಅರಣ್ಯ ಸಚಿವರು ಕೂತು, ತಮಿಳುನಾಡನ್ನೂ ಸೇರಿಸಿಕೊಂಡು, ಗಡಿಯಾಚೆ ಈಚೆ ಮಾಹಿತಿ ಹಂಚಿಕೊಳ್ಳುವ ಒಪ್ಪಂದಕ್ಕೆ ಬಂದರು.

ಆನೆಯ ಕೊರಳಲ್ಲಿದ್ದ ಪ್ರಸಾರಕ ತಾನಿರುವ ಜಾಗವನ್ನು ಸಾರುವುದಕ್ಕೇ ಹುಟ್ಟಿದ ಯಂತ್ರ. ಸಾರಿದ್ದನ್ನು ಕೇಳಲು ಮಾತ್ರ ಕಂಪನಾಂಕ ಗೊತ್ತಿರಬೇಕು, ಅದಕ್ಕೆ ಹೊಂದುವ ಗ್ರಾಹಕ ಕೈಯಲ್ಲಿರಬೇಕು, ಕೇಳಿದ ಸುದ್ದಿ ಸರಿಯಾದ ಮೇಜಿಗೆ ಸರಿಯಾದ ಹೊತ್ತಿಗೆ ತಲುಪಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಯಂತ್ರ ಇದ್ದೂ ಇಲ್ಲದಂತೆ. ಎಲೆಕ್ಟ್ರಾನಿಕ್ ಯುದ್ಧ ಎಂಬ ದೊಡ್ಡ ಹೆಸರಿನ ವಿದ್ಯೆಯ ಬಗ್ಗೆ ನಮ್ಮಲ್ಲಿ ಮಾತು ಶುರುವಾದರೆ ಜಾಮರ್, ಲೇಸರ್, ಡ್ರೋನ್ ಎಂದು ಯಂತ್ರಗಳ ಪಟ್ಟಿಯೇ ಮುಂದೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಇಲ್ಲಿ ಅಡಚಣೆ ಒಡ್ಡುವುದಕ್ಕಿಂತ ಕಷ್ಟದ ಕೆಲಸ ಕೇಳಿಸಿಕೊಳ್ಳುವುದು. ಅದಕ್ಕಿಂತಲೂ ಕಷ್ಟದ್ದು, ಕೇಳಿದ್ದನ್ನು ಹಂಚಿಕೊಳ್ಳುವುದು. ಭಾರತ ಈ ಕ್ಷೇತ್ರದಲ್ಲಿ ಎಲ್ಲಿ ನಿಂತಿದೆ ಎಂದು ನೋಡಲು ಬಂಡೀಪುರ, ಗುಂಡ್ಲುಪೇಟೆಗಳಿರುವ ಚಾಮರಾಜನಗರ ಜಿಲ್ಲೆ ವಿಚಿತ್ರವಾದ ಆಯ್ಕೆಯಂತೆ ಕಾಣಬಹುದು. ಇಲ್ಲಿ ಸೇನಾ ಕಾರ್ಖಾನೆಯಿಲ್ಲ, ಶತ್ರುದೇಶದ ಗಡಿಯಿಲ್ಲ. ಆದರೂ ಈ ವಿದ್ಯೆಯ ಮೂಲಪಾಠಗಳು ಈ ಕಾಡಂಚಿನಲ್ಲಿ ಸಿಗುವಷ್ಟು ಸ್ಪಷ್ಟವಾಗಿ ಪ್ರದರ್ಶನ ಮಳಿಗೆಗಳಲ್ಲಿ ಸಿಗುವುದಿಲ್ಲ.

ಕಾಲರ್ ಆನೆಯನ್ನು ಹುಡುಕುವ ಸಿಬ್ಬಂದಿಯ ಕೆಲಸವನ್ನೇ ನೋಡಿ. ಕೈಯಲ್ಲಿ ಯಾಗಿ ಆಂಟೆನಾ, ಹಿಂದೆ ಮನೆಮನೆಯ ಮೇಲೆ ದೂರದರ್ಶನಕ್ಕಾಗಿ ಏರಿಸುತ್ತಿದ್ದ ಮಾದರಿಯದು. ಹೆಗಲಿಗೆ ಗ್ರಾಹಕ ಪೆಟ್ಟಿಗೆ. ಆಂಟೆನಾವನ್ನು ನಿಧಾನವಾಗಿ ಸುತ್ತಲೂ ತಿರುಗಿಸುತ್ತಾರೆ. ‘ಟಿಕ್ ಟಿಕ್’ ಸದ್ದು ಯಾವ ದಿಕ್ಕಿನಲ್ಲಿ ಜೋರಾಗುತ್ತದೋ ಆ ದಿಕ್ಕನ್ನು ದಿಕ್ಸೂಚಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಇನ್ನೊಂದು ದಿಬ್ಬದಿಂದ ಇನ್ನೊಬ್ಬರು ಹೀಗೇ ಮಾಡುತ್ತಾರೆ. ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಅವು ಕೂಡಿದಲ್ಲಿ ಆನೆ. ಕಣಿವೆಯೊಳಗಾದರೆ ಅಲೆ ಬಂಡೆಗೆ ಬಡಿದು ತಿರುಗಿ ಬರುತ್ತದೆ. ಆನೆ ಎಡಕ್ಕಿದ್ದರೆ ಸದ್ದು ಬಲದಿಂದ ಬಂದಂತಾಗುತ್ತದೆ. ಉಪಗ್ರಹದ ಮೂಲಕ ಜಾಗ ತಿಳಿಸುವ ಕಾಲರುಗಳಿದ್ದರೂ ಕೆಲವು ಗಂಟೆಗೊಮ್ಮೆ ಬರುವ ಸುದ್ದಿ ಆನೆಯಷ್ಟು ಬೇಗ ನಡೆಯುವುದಿಲ್ಲ. ಹತ್ತಿರ ಹೋದ ಮೇಲೆ ಮತ್ತೆ ಆಂಟೆನಾ ತಿರುಗಿಸುವುದೇ ಗತಿ. ಶತ್ರುವಿನ ಪ್ರಸಾರಕ ಎಲ್ಲಿದೆ ಎಂದು ಸೇನೆಯ ಸಿಗ್ನಲ್ಸ್ ಪಡೆ ಪತ್ತೆಹಚ್ಚುವುದೂ ಮೂಲದಲ್ಲಿ ಇದೇ ರೀತಿ. ವ್ಯತ್ಯಾಸವಿರುವುದು ವೇಗದಲ್ಲಿ, ಮತ್ತು ಅಲ್ಲಿ ಎದುರಾಳಿ ಬೇಕೆಂದೇ ಅಡಗುತ್ತಾನೆ ಎನ್ನುವುದರಲ್ಲಿ.

ಹಿಮವದ್ ಗೋಪಾಲಸ್ವಾಮಿ ಬೆಟ್ಟ ಸಮುದ್ರಮಟ್ಟದಿಂದ 1454 ಮೀಟರ್ ಎತ್ತರ. ಗುಂಡ್ಲುಪೇಟೆಯ ಬಯಲು ಸುಮಾರು 800. ಅಷ್ಟು ಎತ್ತರದಿಂದ ವಿಎಚ್‌ಎಫ್ ಅಲೆ ಬಯಲಿನ ಕಡೆ ಲೆಕ್ಕಕ್ಕೆ ನೂರು ಕಿ.ಮೀ. ಸಾಗಬಲ್ಲದು. ಬೆಟ್ಟದ ಬೆನ್ನಿಗಿರುವ ಕಣಿವೆಯೊಳಗೆ ನಿಂತ ವಾಕಿಟಾಕಿಗೆ ಅದೇ ಅಲೆ ಐದು ಕಿ.ಮೀ. ದೂರದಿಂದಲೂ ಸಿಗದೆ ಹೋಗಬಹುದು. ಕಾರ್ಗಿಲ್, ಪೂಂಛ್ ಬೆಟ್ಟಗಳಲ್ಲಿ ಸೇನೆಗೆ ಎದುರಾಗುವುದೂ ಇದೇ ಗುಡ್ಡಗಾಡಿನ ಗಣಿತ. ಎತ್ತರ ಯಾರದ್ದೋ ಕಿವಿ ಅವರದ್ದು.

ಸೇನೆಯ ಭಾಷೆಯಲ್ಲಿ ಎಲೆಕ್ಟ್ರಾನಿಕ್ ಯುದ್ಧ ಎಂದರೆ ಶತ್ರುವಿನ ಅಲೆಗಳನ್ನು ಕೇಳಿ ಗುರುತಿಸುವುದು, ಅವುಗಳಿಗೆ ಅಡ್ಡಿ ಮಾಡುವುದು ಅಥವಾ ಮೋಸ ಹೂಡುವುದು, ಮತ್ತು ಅವನು ನಮ್ಮ ಮೇಲೆ ಅದನ್ನೇ ಮಾಡದಂತೆ ಕಾಯುವುದು. ಅಡ್ಡಿ ಮಾಡುವುದು ಸುಲಭ. ಜಾತ್ರೆಯ ಧ್ವನಿವರ್ಧಕದ ಮುಂದೆ ನಿಂತು ಪಕ್ಕದವನೊಡನೆ ಮಾತಾಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ರಡಾರಿನ ವಿಷಯದಲ್ಲಂತೂ ಭೌತಶಾಸ್ತ್ರವೇ ಅಡ್ಡಿಗಾರನ ಪರ ನಿಂತುಬಿಡುತ್ತದೆ. ರಡಾರಿನ ಅಲೆ ವಿಮಾನಕ್ಕೆ ತಾಗಿ ತಿರುಗಿ ಬರಬೇಕು; ದೂರ ಇಮ್ಮಡಿಯಾದರೆ ಮರಳಿದ ಅಲೆಯ ಬಲ ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ವಿಮಾನದಲ್ಲಿರುವ ಜಾಮರಿಗೆ ಬರುವ ದಾರಿ ಮಾತ್ರ. ದೂರ ಇಮ್ಮಡಿಯಾದರೆ ಅದರ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ, ಅಷ್ಟೆ. ಹೀಗಾಗಿ ದೂರದಲ್ಲಿ ಸಣ್ಣ ಜಾಮರ್ ಕೂಡ ದೊಡ್ಡ ರಡಾರನ್ನು ಕುರುಡು ಮಾಡಬಲ್ಲದು. ವಿಮಾನ ಹತ್ತಿರ ಬಂದಂತೆ ಲೆಕ್ಕ ತಿರುಗುತ್ತದೆ, ರಡಾರಿನ ಮಾರುಲಿ ಗದ್ದಲವನ್ನು ಸೀಳಿಕೊಂಡು ಕಾಣಿಸುತ್ತದೆ.

ಈಗಿನ ಜಾಮರುಗಳು ಬರೀ ಗದ್ದಲ ಎಬ್ಬಿಸುವುದಿಲ್ಲ. ರಡಾರಿನ ಸ್ಪಂದನವನ್ನು ಹಿಡಿದು, ಅಂಕಿಗಳಾಗಿ ನೆನಪಿನಲ್ಲಿಟ್ಟು, ಚೂರು ತಡಮಾಡಿ ವಾಪಸು ಕಳಿಸುತ್ತವೆ. ಒಂದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗ ತಡವಾದರೆ ಸಾಕು, ರಡಾರಿನ ಪರದೆಯ ಮೇಲೆ ವಿಮಾನ 150 ಮೀಟರ್ ಆಚೆ ಇರುವಂತೆ ತೋರುತ್ತದೆ. ತಡವನ್ನು ಹಂತಹಂತವಾಗಿ ಏರಿಸುತ್ತ ಹೋದರೆ ರಡಾರು ಇಲ್ಲದ ವಿಮಾನದ ಬೆನ್ನು ಹತ್ತುತ್ತದೆ. ಆದರೆ ಇದಕ್ಕೆಲ್ಲ ಆ ರಡಾರು ಯಾವುದು, ಯಾವ ಕಂಪನಾಂಕದಲ್ಲಿ, ಯಾವ ಲಯದಲ್ಲಿ ಸ್ಪಂದಿಸುತ್ತದೆ ಎಂಬುದು ಮೊದಲೇ ಗೊತ್ತಿರಬೇಕು. ಮತ್ತೆ ಬಂದು ನಿಂತೆವು, ಕೇಳಿಸಿಕೊಳ್ಳುವಲ್ಲಿಗೆ.

ಚರಿತ್ರೆ ಉದ್ದವಾಗಿದೆ, ಇಲ್ಲಿ ಬೇಕಾದಷ್ಟನ್ನೇ ಹೇಳುತ್ತೇನೆ. 1904ರ ಏಪ್ರಿಲ್‌ನಲ್ಲಿ ಪೋರ್ಟ್ ಆರ್ಥರ್ ಮೇಲೆ ಗುಂಡು ಸುರಿಸುತ್ತಿದ್ದ ಜಪಾನಿ ಹಡಗುಗಳ ನಿಸ್ತಂತು ಸಂದೇಶಕ್ಕೆ ರಷ್ಯನ್ನರು ತಮ್ಮ ಪ್ರಸಾರಕದಿಂದಲೇ ಅಡ್ಡಿ ಮಾಡಿದರು. 1943ರ ಜುಲೈನಲ್ಲಿ ಹ್ಯಾಂಬರ್ಗ್ ಮೇಲೆ ದಾಳಿಗೆ ಹೋದ ಬ್ರಿಟಿಷ್ ವಿಮಾನಗಳು ಸುಮಾರು 27 ಸೆಂ.ಮೀ. ಉದ್ದದ ತಗಡುಕಾಗದದ ಪಟ್ಟಿಗಳನ್ನು ರಾಶಿರಾಶಿ ಉದುರಿಸಿದವು. ಆ ಉದ್ದ ಜರ್ಮನ್ ರಡಾರಿನ ಅಲೆಯ ಸರಿಯಾಗಿ ಅರ್ಧ. ಕಂಪನಾಂಕ ತಿಳಿದವನ ಕೈಯಲ್ಲಿ ಕಾಗದವೂ ಅಸ್ತ್ರ. ಅದೇ ಯುದ್ಧಕಾಲದಲ್ಲಿ ಜಪಾನಿ ಸೇನೆಯ ಸಂದೇಶಗಳಿಗೆ ಕಿವಿಗೊಡಲು ಬ್ರಿಟಿಷರು ದೆಹಲಿಯ ಕೇಂದ್ರದ ಹೊರಠಾಣೆಯೊಂದನ್ನು ಬೆಂಗಳೂರಿನಲ್ಲಿ ಇಟ್ಟುಕೊಂಡಿದ್ದರು. 1982ರ ಜೂನ್‌ನಲ್ಲಿ ಬೆಕಾ ಕಣಿವೆಯಲ್ಲಿ ಇಸ್ರೇಲ್ ಪುಟ್ಟ ಚಾಲಕರಹಿತ ವಿಮಾನಗಳನ್ನು ಮುಂದೆ ಬಿಟ್ಟು ಸಿರಿಯಾದ ರಡಾರುಗಳು ತಾವಾಗಿ ಬಾಯಿಬಿಡುವಂತೆ ಮಾಡಿತು. ಬಾಯಿಬಿಟ್ಟ 19 ಕ್ಷಿಪಣಿ ತುಕಡಿಗಳಲ್ಲಿ 17 ನೆಲಸಮವಾದವು. ಈ ವಿದ್ಯೆಯ ಇತಿಹಾಸದಲ್ಲಿ ನನಗೆ ಅತ್ಯಂತ ನಿಷ್ಠುರ ಎನಿಸುವ ಪ್ರಸಂಗ ಅದು.

ನಮ್ಮ ಕಡೆಯದೂ ಉಂಟು. 1971ರ ಡಿಸೆಂಬರ್ 4ರ ರಾತ್ರಿ ಕರಾಚಿ ಬಂದರಿನ ಮೇಲೆ ಎರಗಿದ ನೌಕಾಪಡೆಯ ಕ್ಷಿಪಣಿ ದೋಣಿಗಳ ಸಿಬ್ಬಂದಿ ರೇಡಿಯೋದಲ್ಲಿ ತಮ್ಮೊಳಗೆ ರಷ್ಯನ್ ಭಾಷೆ ಆಡಿಕೊಂಡರು. ದೋಣಿಗಳ ಜೊತೆಗೆ ಭಾಷೆಯೂ ಸೋವಿಯತ್ ತರಬೇತಿಯಿಂದ ಬಂದದ್ದು. ಅದೇ ತಿಂಗಳ 14ರಂದು ಢಾಕಾದ ಗವರ್ನರ್ ನಿವಾಸದಲ್ಲಿ ಸಭೆ ಸೇರಲಿದೆ ಎಂಬ ಸಂದೇಶ ನಮ್ಮವರ ಕಿವಿಗೆ ಬಿತ್ತು. ಮಿಗ್-21ಗಳು ಆ ಕಟ್ಟಡದ ಮೇಲೆ ರಾಕೆಟ್ ಸುರಿಸಿದವು. 1999ರಲ್ಲಿ ಬೀಜಿಂಗ್‌ನಲ್ಲಿದ್ದ ಪಾಕಿಸ್ತಾನದ ಸೇನಾ ಮುಖ್ಯಸ್ಥ ಮುಷರಫ್ ರಾವಲ್ಪಿಂಡಿಯೊಡನೆ ಆಡಿದ ಫೋನ್ ಮಾತು, ಕಾರ್ಗಿಲ್‌ನಲ್ಲಿ ತಮ್ಮ ಸೇನೆಯಿಲ್ಲ ಎಂಬ ಸುಳ್ಳನ್ನು ಬಯಲಿಗೆಳೆಯಿತು. ಈ ಮೂರರಲ್ಲೂ ಜಾಮರ್ ಎಂಬ ವಸ್ತುವೇ ಇಲ್ಲ.

ಈಗ ಬೆಂಗಳೂರಿಗೆ ಬರೋಣ. ಈ ವಿದ್ಯೆಯಲ್ಲಿ ಭಾರತ ಗಳಿಸಿದ್ದರ ಬಹುಪಾಲು ಕರ್ನಾಟಕ ಮತ್ತು ಹೈದರಾಬಾದಿನ ನಡುವೆ ಹಂಚಿಹೋಗಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಫ್ರೆಂಚ್ ಕಂಪನಿಯ ಸಹಯೋಗದಲ್ಲಿ ಸೇನೆಗೆ ಸಂಪರ್ಕ ಸಾಧನ ತಯಾರಿಸಲು ಹುಟ್ಟಿದ್ದು. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯಗಳಲ್ಲಿ ಎಲ್‌ಆರ್‌ಡಿಇ ರಡಾರುಗಳ ಮನೆ. ಡೇರ್ ಎಂದು ಕರೆಯುವ ಪ್ರಯೋಗಾಲಯ 1986ರಲ್ಲಿ ಬೇರೆ ಹೆಸರಲ್ಲಿ ಶುರುವಾಗಿ 2001ರಲ್ಲಿ ಈ ಹೆಸರು ಪಡೆಯಿತು. ಯುದ್ಧವಿಮಾನದ ಮೇಲೆ ಶತ್ರು ರಡಾರಿನ ಕಣ್ಣು ಬಿದ್ದ ಕೂಡಲೇ ಚಾಲಕನನ್ನು ಎಚ್ಚರಿಸುವ ‘ತರಂಗ್’ನಂಥ ಗ್ರಾಹಕಗಳು ಅಲ್ಲಿಂದ ಬಂದವು. ಕ್ಯಾಬ್ಸ್ ಪ್ರಯೋಗಾಲಯ ಬ್ರೆಜಿಲಿನ ಎಂಬ್ರೇಯರ್ ವಿಮಾನದ ಬೆನ್ನ ಮೇಲೆ ರಡಾರು ಹೊರಿಸಿ ‘ನೇತ್ರ’ ಮಾಡಿತು. 2017ರ ಫೆಬ್ರವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದು ವಾಯುಪಡೆಯ ಕೈ ಸೇರಿತು. ಎಲ್ಲರೂ ಬೆನ್ನ ಮೇಲಿನ ರಡಾರನ್ನೇ ನೋಡುತ್ತಾರೆ. ಎದುರಾಳಿಯ ರಡಾರು ಮತ್ತು ಮಾತುಕತೆಗಳನ್ನು ಕದ್ದು ಕೇಳುವ ಗ್ರಾಹಕಗಳೂ ಅದೇ ವಿಮಾನದೊಳಗಿವೆ.

ಹೈದರಾಬಾದಿನ ಡಿಎಲ್‌ಆರ್‌ಎಲ್ ಪ್ರಯೋಗಾಲಯದ ಮುಂದಾಳತ್ವದಲ್ಲಿ ಸೇನೆಗಾಗಿ ಕಟ್ಟಿದ ‘ಸಂಯುಕ್ತ’ ಇನ್ನೊಂದು ದೊಡ್ಡ ಹೆಸರು. 145 ವಾಹನಗಳ ಮೇಲೆ ಹಂಚಿದ ವ್ಯವಸ್ಥೆ, 150 ಕಿ.ಮೀ. ಉದ್ದ, 70 ಕಿ.ಮೀ. ಅಗಲದ ರಣರಂಗದಲ್ಲಿ 1.5 ಮೆಗಾಹರ್ಟ್ಸ್‌ನಿಂದ 40 ಗಿಗಾಹರ್ಟ್ಸ್‌ವರೆಗೆ ಕೇಳಿ, ದಿಕ್ಕು ಹಿಡಿದು, ಬೇಕಾದರೆ ಅಡ್ಡಿ ಮಾಡುವುದು ಗುರಿ. ಇಷ್ಟೂ ವಾಹನಗಳನ್ನು ಒಂದೇ ಮೆದುಳಿಗೆ ಜೋಡಿಸುವ ತಂತ್ರಾಂಶ ಬೆಂಗಳೂರಿನ ಕೇರ್ ಪ್ರಯೋಗಾಲಯದ ಪಾಲಿಗೆ ಬಂದಿತ್ತು. ಕಾಗದದ ಮೇಲೆ ಇದಕ್ಕಿಂತ ಪೂರ್ಣವಾದ ಕಲ್ಪನೆ ಇರಲಾರದು. ಆದರೆ 145 ವಾಹನಗಳ ಮೆರವಣಿಗೆ ಈ ಡ್ರೋನ್ ಕಾಲಕ್ಕೆ ತುಸು ಭಾರವೇ. ನಂತರದ ಕೆಲಸಗಳು ಚಿಕ್ಕವಾಗುತ್ತ, ಬೆಟ್ಟ ಹತ್ತಬಲ್ಲವಾಗುತ್ತ ಬಂದಿರುವುದು ಸರಿಯಾದ ದಾರಿ. ನೌಕಾಪಡೆಯ ಹಡಗುಗಳಿಗೆ ಬಂದ ‘ಶಕ್ತಿ’, ತೇಜಸ್ ಮಾರ್ಕ್-1ಎಗಾಗಿ ಸಿದ್ಧಪಡಿಸಿದ ಸ್ವರಕ್ಷಣಾ ಸಾಧನಗಳು ಈ ಸಾಲಿನವು.

ಯಂತ್ರ ಸ್ವದೇಶಿಯಾದರೆ ಏನು ಲಾಭ ಎಂಬ ಪ್ರಶ್ನೆಗೆ ಈ ಕ್ಷೇತ್ರದಲ್ಲಿ ಘೋಷಣೆಯಲ್ಲದ ಉತ್ತರವಿದೆ. ವಿಮಾನದ ಎಚ್ಚರಿಕೆ ಗ್ರಾಹಕದ ಒಳಗೆ ಒಂದು ಕೋಶ ಇರುತ್ತದೆ: ಯಾವ ಲಯದ ಸ್ಪಂದನ ಬಂದರೆ ಯಾವ ದೇಶದ ಯಾವ ಕ್ಷಿಪಣಿ ರಡಾರು ಎಂಬ ಪಟ್ಟಿ. ಪಟ್ಟಿಯಲ್ಲಿಲ್ಲದ್ದು ಗ್ರಾಹಕದ ಪಾಲಿಗೆ ಅಪರಿಚಿತ ಗದ್ದಲ. ಗಡಿಯುದ್ದಕ್ಕೂ ವರ್ಷಗಟ್ಟಲೆ ಹಾರಿ, ಕೇಳಿ, ಬರೆದಿಟ್ಟು ಮಾತ್ರ ಈ ಪಟ್ಟಿ ಬೆಳೆಯುತ್ತದೆ. ದುಡ್ಡು ಕೊಟ್ಟರೂ ಯಾರೂ ಪೂರ್ತಿ ಮಾರುವುದಿಲ್ಲ. ಹೊರಗಿನಿಂದ ತಂದ ಸಾಧನದ ಕೋಶವನ್ನು ತಿದ್ದಲು ತಯಾರಕನ ಬಾಗಿಲಿಗೆ ಹೋಗಬೇಕಾದರೆ, ನಮ್ಮ ಶತ್ರು ಯಾರೆಂದು ಅವನಿಗೆ ಮೊದಲು ಹೇಳಿ ಆಮೇಲೆ ಯುದ್ಧ ಮಾಡಿದಂತೆ.

ಕಾಡಿಗೆ ಮರಳೋಣ, ಏಕೆಂದರೆ ಈ ವಿದ್ಯೆಯ ಇನ್ನೊಂದು ಮುಖವನ್ನು ತೋರಿಸಿದವನು ಇದೇ ಜಿಲ್ಲೆಯಲ್ಲಿ ತಲೆಮರೆಸಿಕೊಂಡಿದ್ದ. ಕಾಡುಗಳ್ಳ ವೀರಪ್ಪನ್‌ನನ್ನು ಹಿಡಿಯಲು ಕರ್ನಾಟಕ, ತಮಿಳುನಾಡು ಎರಡೂ ವಿಶೇಷ ಕಾರ್ಯಪಡೆ ಕಟ್ಟಿದವು. ಮಲೆಮಹದೇಶ್ವರ ಬೆಟ್ಟದ ಸುತ್ತ ಠಾಣೆ, ವಾಹನ, ನಿಸ್ತಂತು ಎಲ್ಲ ಬಂತು. 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಎಸ್.ಪಿ. ಹರಿಕೃಷ್ಣ, ಎಸ್‌.ಐ. ಶಕೀಲ್ ಅಹ್ಮದ್ ಅವರ ಪಡೆ ಹೊಂಚುದಾಳಿಗೆ ಬಲಿಯಾಯಿತು. 1997ರ ಅಕ್ಟೋಬರ್‌ನಲ್ಲಿ ಬಂಡೀಪುರದ ಕಾಡಂಚಿನಿಂದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿ ಅವರನ್ನು ಒಯ್ದು ಹದಿನಾಲ್ಕು ದಿನ ಇಟ್ಟುಕೊಂಡ. 2000ದ ಜುಲೈ 30ರಂದು ಗಾಜನೂರಿನ ಮನೆಯಿಂದ ಡಾ. ರಾಜ್‌ಕುಮಾರ್, 108 ದಿನ. 2002ರ ಆಗಸ್ಟ್ 25ರಂದು ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ, ಅವರು ಜೀವಂತ ಮರಳಲಿಲ್ಲ.

ಇಷ್ಟೂ ವರ್ಷ ಅವನ ಕಡೆಯಿಂದ ಬಂದ ಮಾತು ಕ್ಯಾಸೆಟ್ ಮೂಲಕ ಬಂತು. ಕಾಡಿನಲ್ಲಿ ಧ್ವನಿಮುದ್ರಣ, ಕಾಲ್ನಡಿಗೆಯ ದೂತ, ಆಮೇಲೆ ಚೆನ್ನೈನ ಪತ್ರಿಕೆಯ ಸಂಪಾದಕರ ಕೈಯಿಂದ ಸರ್ಕಾರಕ್ಕೆ. ಸುದ್ದಿ ತಿಳಿಯಲು ಟ್ರಾನ್ಸಿಸ್ಟರ್ ರೇಡಿಯೋ. ಅದು ಅಲೆಯನ್ನು ಪಡೆಯುತ್ತದೆಯೇ ಹೊರತು ದೂರಕ್ಕೆ ಕೇಳುವಷ್ಟು ಕಳಿಸುವುದಿಲ್ಲ. ದಿಕ್ಕು ಹಿಡಿಯುವ ಆಂಟೆನಾ ತಿರುಗಿಸಿದರೆ ಅಲ್ಲಿ ಸಿಗುವುದು ಪೊಲೀಸರ ಸದ್ದೇ. ಆ ಕಾಲದ ಸಾಮಾನ್ಯ ವಿಎಚ್‌ಎಫ್ ಸೆಟ್‌ಗಳಲ್ಲಿ ಆಡಿದ ಮಾತನ್ನು ಹೊಂದುವ ಗ್ರಾಹಕವಿದ್ದ ಯಾರು ಬೇಕಾದರೂ ಕೇಳಬಹುದಿತ್ತು. ಕೇಳುವ ಗ್ರಾಹಕ ಇಲ್ಲದಿದ್ದರೂ ಜೀಪಿನ ಸದ್ದು ಸಾಕಾಗುತ್ತಿತ್ತು. 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯ ಪಾಡಿ ಬಳಿ ಅವನು ಸತ್ತದ್ದು ಅವನ ಗುಂಪಿನೊಳಕ್ಕೆ ನುಸುಳಿದ್ದ ಮನುಷ್ಯರಿಂದ, ಅವನನ್ನು ಹತ್ತಿಸಿಕೊಂಡು ಬಂದ ಆಂಬ್ಯುಲೆನ್ಸ್‌ನಿಂದ. ಕದ್ದು ಕೇಳುವ ವಿದ್ಯೆಗೆ ಮೌನಿಯ ಮುಂದೆ ಕೆಲಸವಿಲ್ಲ. ಹಾಗೆಂದು ಮೌನವನ್ನೇ ಆದರ್ಶ ಮಾಡುವಂತಿಲ್ಲ. ಕ್ಯಾಸೆಟ್ ಕಳಿಸಿ ಉತ್ತರಕ್ಕೆ ದಿನಗಟ್ಟಲೆ ಕಾಯುವುದು ಕೆಲವೇ ಜನರ ಗುಂಪಿಗೆ ಸಾಧ್ಯ. ಫಿರಂಗಿ, ಹೆಲಿಕಾಪ್ಟರ್, ಡ್ರೋನ್ ಎಲ್ಲವನ್ನೂ ಕೂಡಿಸಿ ನಡೆಸಬೇಕಾದ ಸೇನೆ ಬಾಯಿಮುಚ್ಚಿಕೊಂಡು ಯುದ್ಧ ಮಾಡಲಾರದು.

ಬಾಯಿ ಬಿಡದೆ ಮಾತಾಡುವ ಉಪಾಯವನ್ನು ಯುಕ್ರೇನ್ ಯುದ್ಧ ಬೇರೆ ರೀತಿಯಲ್ಲಿ ಹುಡುಕಿತು. ಜಾಮರುಗಳ ಕಾಟಕ್ಕೆ ಜಿಪಿಎಸ್ ನೆಚ್ಚಿದ ಅಮೆರಿಕದ ಗುಂಡುಗಳೂ ಗುರಿ ತಪ್ಪತೊಡಗಿದವು. ರೇಡಿಯೋ ಡ್ರೋನುಗಳು ಅರ್ಧ ದಾರಿಯಲ್ಲೇ ಬಿದ್ದವು. 2024ರಿಂದೀಚೆಗೆ ಎರಡೂ ಕಡೆಯವರು ಡ್ರೋನಿನ ಬಾಲಕ್ಕೆ ಕೂದಲೆಳೆಯಂಥ ಗಾಜಿನ ತಂತಿಯ ಸುರುಳಿ ಕಟ್ಟಿ ಹಾರಿಸುತ್ತಿದ್ದಾರೆ. ಚಿತ್ರವೂ ಆಜ್ಞೆಯೂ ತಂತಿಯಲ್ಲೇ ಹರಿಯುವುದರಿಂದ ಕೇಳಲು ಅಲೆಯಿಲ್ಲ, ಕೆಡಿಸಲೂ ಅಲೆಯಿಲ್ಲ. ಕೋಟಿಗಟ್ಟಲೆ ಬೆಲೆಯ ಜಾಮರಿನ ಎದುರು ಬೆಲೆಯಿಲ್ಲದ ದಾರ.

ನಮ್ಮ ಸೇನೆಯೂ ಗಾಜಿನ ತಂತಿಗೆ ಇಳಿದಿದೆ, ಬೇರೆ ಕಾರಣಕ್ಕೆ. ಮೊಬೈಲ್ ಕಂಪನಿಗಳಿಗೆ ಹರಾಜು ಹಾಕಲು ಸರ್ಕಾರಕ್ಕೆ ತರಂಗಾಂತರ ಬೇಕಿತ್ತು. ಅದರ ದೊಡ್ಡ ಪಾಲು ರಕ್ಷಣಾ ಪಡೆಗಳ ಬಳಿಯಿತ್ತು. ಬಿಟ್ಟುಕೊಟ್ಟರೆ ಬದಲಿಗೆ ಪ್ರತ್ಯೇಕ ಆಪ್ಟಿಕಲ್ ಫೈಬರ್ ಜಾಲ ಹಾಕಿಕೊಡುತ್ತೇವೆ ಎಂದು ದೂರಸಂಪರ್ಕ ಇಲಾಖೆ ಒಪ್ಪಿತು. 2012ರಲ್ಲಿ 13,334 ಕೋಟಿ, 2018ರಲ್ಲಿ ಮತ್ತೆ 11,330 ಕೋಟಿ ರೂಪಾಯಿ ಮಂಜೂರಾಯಿತು. ಕೆಲಸ ಬಿಎಸ್‌ಎನ್‌ಎಲ್ ಪಾಲಿಗೆ. ನಾವು ಸಿನಿಮಾ ನೋಡುವ ಸ್ಪೆಕ್ಟ್ರಂಗೆ ತೆತ್ತ ಬೆಲೆಯಲ್ಲಿ ಇದೂ ಒಂದು. ಸೇನೆಯ ಖಾಯಂ ಠಾಣೆಗಳು ತಂತಿಗೆ ಇಳಿದದ್ದು ಭದ್ರತೆಯ ದೃಷ್ಟಿಯಿಂದ ಲಾಭವೇ ಆಯಿತು. ಮುಂಚೂಣಿಯಲ್ಲಿ ಓಡಾಡುವ ಪಡೆಗೆ ಮಾತ್ರ ಅಲೆಯೇ ಬೇಕು.

2015ರ ಜನವರಿಯಲ್ಲಿ ಕೇಂದ್ರ ಸಂಪುಟ ರಕ್ಷಣೆಗೇ ಮೀಸಲಾದ ತರಂಗಾಂತರ ಪಟ್ಟಿಯನ್ನು ಬೇರೆ ಮಾಡಿ, ಅಂತರರಾಷ್ಟ್ರೀಯ ಗಡಿಯುದ್ದಕ್ಕೂ 100 ಕಿ.ಮೀ. ಅಗಲದ ರಕ್ಷಣಾ ಹಿತಾಸಕ್ತಿ ವಲಯವನ್ನು ಒಪ್ಪಿತು. ಒಳನಾಡಿನಲ್ಲಿ ಹಂಚಿಕೆಯ ಗೆರೆಗಳು ಬೇರೆ. ದೂರಸಂಪರ್ಕ ಪರವಾನಗಿಗೆ ದೇಶವನ್ನು 22 ಸರ್ಕಲ್‌ಗಳಾಗಿ ಹಂಚಿದ್ದಾರೆ. ಗುಂಡ್ಲುಪೇಟೆ ದಾಟಿದ ಮೇಲೆ ಬಲಕ್ಕೆ ಕೇರಳ, ನೇರಕ್ಕೆ ತಮಿಳುನಾಡು, ಬೆನ್ನಿಗೆ ಕರ್ನಾಟಕ, ಮೂರು ಸರ್ಕಲ್‌ಗಳು ಇಲ್ಲಿ ಕೂಡುತ್ತವೆ. ಒಂದೇ ಕಂಪನಿ ಮೂರು ಕಡೆ ಬೇರೆಬೇರೆ ಪಟ್ಟಿಯನ್ನು ಹರಾಜಿನಲ್ಲಿ ಕೊಂಡಿರಬಹುದು. ಅಲೆಗೆ ಬಂಡೀಪುರದ ಚೆಕ್‌ಪೋಸ್ಟ್ ಗೊತ್ತಿಲ್ಲ, ಕಾನೂನಿಗೆ ಗೊತ್ತು.

ಕಾನೂನಿನ ವಿಷಯಕ್ಕೆ ಬಂದರೆ, 1885ರ ತಂತಿ ಕಾಯ್ದೆ ಮತ್ತು 1933ರ ನಿಸ್ತಂತು ಕಾಯ್ದೆಗಳ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕಂಪನಾಂಕ ಹಂಚುವುದು 1952ರಲ್ಲಿ ಹುಟ್ಟಿದ, ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದ ಕೆಲಸ. ಅಪ್ಪಣೆಯಿಲ್ಲದೆ ಜಾಮರ್ ಇಟ್ಟುಕೊಳ್ಳುವುದೇ ಅಪರಾಧ, ಮತ್ತು ಅದು ಸರಿಯೇ. ಅಪ್ಪಣೆ ಪಡೆದು ಇಟ್ಟವರ ಜಾಮರೂ ಗೋಡೆ ಕಂಡು ನಿಲ್ಲುವುದಿಲ್ಲ. ಪರಪ್ಪನ ಅಗ್ರಹಾರ ಜೈಲಿನ ಸುತ್ತಲಿನ ಬಡಾವಣೆಗಳವರು ಫೋನ್ ಸಿಗದೆಂದು ದೂರಿದ್ದು ಈ ಕಾರಣಕ್ಕೆ. ಶಾಂತಿಕಾಲದ ಒಂದು ಜೈಲಿನ ಅಡ್ಡಿಯನ್ನು ಗೋಡೆಯೊಳಗೆ ಹಿಡಿದಿಡಲು ಇಷ್ಟು ಕಷ್ಟವಾದರೆ, ಯುದ್ಧಕಾಲದಲ್ಲಿ ನಮ್ಮ ಜಾಮರ್ ನಮ್ಮದೇ ರೇಡಿಯೋವನ್ನು ಕೆಡಿಸದಂತೆ ನೋಡಿಕೊಳ್ಳುವುದು ಎಂಥ ಕೆಲಸವೆಂದು ಊಹಿಸಬಹುದು. ಸ್ಪೆಕ್ಟ್ರಂ ನಿರ್ವಹಣೆ ಗುಮಾಸ್ತರ ಕೆಲಸ ಎಂದು ಭಾವಿಸಿದವರು ಈ ಪ್ರಶ್ನೆಯನ್ನು ಎದುರಿಸಿಲ್ಲ.

ಗುಂಡ್ಲುಪೇಟೆಯಿಂದ ಊಟಿ ದಾರಿ ಹಿಡಿದವರು ಮುತ್ತೊರೈ ಬಳಿಯ ರೇಡಿಯೋ ದೂರದರ್ಶಕವನ್ನು ನೋಡದೆ ಬರುವುದೇ ಹೆಚ್ಚು. 1970ರಲ್ಲಿ ಗೋವಿಂದ ಸ್ವರೂಪ್ ಮತ್ತು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಅದನ್ನು ಮುಗಿಸಿದರು: 530 ಮೀಟರ್ ಉದ್ದ, 30 ಮೀಟರ್ ಅಗಲ. ಉತ್ತರ ದಕ್ಷಿಣವಾಗಿ 11 ಡಿಗ್ರಿ ಓರೆಯಿರುವ ಗುಡ್ಡವನ್ನೇ ಹುಡುಕಿದರು. ಆ ಊರಿನ ಅಕ್ಷಾಂಶವೂ 11 ಡಿಗ್ರಿ. ಹಾಗಾಗಿ ಅದರ ಅಕ್ಷ ಭೂಮಿಯ ಅಕ್ಷಕ್ಕೆ ಸಮಾನಾಂತರ. ಒಂದೇ ಕಡೆಗೆ ಹೊರಳಿಸಿದರೆ ನಕ್ಷತ್ರದ ಬೆನ್ನು ಹತ್ತಬಹುದು. ಅದು ಕೇಳುವುದು 326.5 ಮೆಗಾಹರ್ಟ್ಸ್‌ನಲ್ಲಿ. ಆಕಾಶದಿಂದ ಅಲ್ಲಿಗೆ ಬರುವ ಅಲೆ ಎಷ್ಟು ಕ್ಷೀಣವೆಂದರೆ ಪಕ್ಕದ ಪಟ್ಟಿಯಲ್ಲಿ ಯಾರೋ ಒತ್ತಿದ ರೇಡಿಯೋ ಗುಂಡಿ ಅದನ್ನು ನುಂಗಿಬಿಡುತ್ತದೆ. ಆ ಪಟ್ಟಿಯ ಮೌನವನ್ನು ಕಾಯುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದ ಬೇಕಾಯಿತು. ಸೇನೆಯ ಕದ್ದುಕೇಳುವ ಠಾಣೆಗಳಿಗೆ ಬೇಕಾದದ್ದೂ ಇಂಥದೇ ಮೌನ. ಅದನ್ನು ಬಾಯಿಬಿಟ್ಟು ಕೇಳುವಂತಿಲ್ಲ ಎನ್ನುವುದು ಅವರ ಕಷ್ಟ.

ಜಿಪಿಎಸ್ ಅಲೆಯೂ ಹೀಗೆಯೇ ಬಡವಾಗಿ ಭೂಮಿಗೆ ಬರುತ್ತದೆ. ಉಪಗ್ರಹ 20,200 ಕಿ.ಮೀ. ಮೇಲಿದೆ, ಮೊಬೈಲಿಗೆ ಸಿಗುವುದು ಒಂದು ವ್ಯಾಟಿನ ಹತ್ತು ಸಾವಿರ ಲಕ್ಷ ಕೋಟಿಯಲ್ಲಿ ಒಂದು ಪಾಲಿನ ಆಸುಪಾಸು. ಇದನ್ನು ಮುಳುಗಿಸಲು ಕಿಸೆಯಲ್ಲಿಡುವ ಜಾಮರ್ ಸಾಕು. ಇನ್ನೂ ಹೆಚ್ಚಿನ ಅಪಾಯ ಸುಳ್ಳು ಅಲೆಯದು: ಗ್ರಾಹಕ ತಾನು ಸರಿಯಾಗಿಯೇ ಇದ್ದೇನೆಂದು ನಂಬಿಕೊಂಡು ತಪ್ಪು ಜಾಗ ತೋರಿಸುತ್ತದೆ. 2023ರ ನವೆಂಬರ್‌ನಿಂದ 2025ರ ಫೆಬ್ರವರಿಯವರೆಗೆ ಅಮೃತಸರ, ಜಮ್ಮು ಭಾಗದಲ್ಲಿ ವಿಮಾನಗಳಿಗೆ ಇಂಥ 465 ತೊಂದರೆಗಳಾದವು ಎಂದು ಸರ್ಕಾರವೇ ಲೋಕಸಭೆಗೆ ತಿಳಿಸಿದೆ. ನಮ್ಮದೇ ನಾವಿಕ್ ಉಪಗ್ರಹಗಳು ಇದಕ್ಕೆ ಉತ್ತರವಾಗಬೇಕಿತ್ತು. ಹಾಸನದ ನಿಯಂತ್ರಣ ಕೇಂದ್ರ ನೋಡಿಕೊಳ್ಳುವ ಈ ಸರಣಿಯಲ್ಲಿ 2013ರಿಂದ ಹಾರಿಸಿದ ಹಲವು ಉಪಗ್ರಹಗಳ ಪರಮಾಣು ಗಡಿಯಾರ ಕೆಟ್ಟವು. 2025ರ ಜನವರಿ 29ರಂದು ಹೋದ ಎನ್‌ವಿಎಸ್-02 ತಲುಪಬೇಕಾದ ಕಕ್ಷೆಯನ್ನು ಸೇರಲಿಲ್ಲ. ರಾಕೆಟ್ ಏರಿದ್ದಕ್ಕೆ ಚಪ್ಪಾಳೆ ಬಿತ್ತು, ಉಪಗ್ರಹ ದಾರಿ ತಪ್ಪಿದ್ದು ಒಳಪುಟದ ಸುದ್ದಿಯಾಯಿತು. ಇಲ್ಲಿ ನಾವು ಹಿಂದೆ ಬಿದ್ದಿದ್ದೇವೆ, ಅದನ್ನು ಮರೆಮಾಚಿ ಪ್ರಯೋಜನವಿಲ್ಲ.

2021ರ ಜೂನ್ 27ರಂದು ಜಮ್ಮುವಿನ ವಾಯುನೆಲೆಯ ಮೇಲೆ ಪುಟ್ಟ ಡ್ರೋನುಗಳು ಎರಡು ಬಾಂಬು ಬೀಳಿಸಿ ಹೋದ ಮೇಲೆ ಡ್ರೋನ್ ತಡೆ ಸಾಧನಗಳ ಕೆಲಸ ಚುರುಕಾಯಿತು. ಡಿಆರ್‌ಡಿಒ ರೂಪಿಸಿ ಭಾರತ್ ಎಲೆಕ್ಟ್ರಾನಿಕ್ಸ್ ತಯಾರಿಸುವ ಡಿ-4 ರಡಾರು ಮತ್ತು ರೇಡಿಯೋ ಸುಳಿವಿನಿಂದ ಡ್ರೋನನ್ನು ಗುರುತಿಸಿ, ಅದರ ಆಜ್ಞೆಯ ಕೊಂಡಿ ಮತ್ತು ಜಿಪಿಎಸ್ ಎರಡನ್ನೂ ಕೆಡಿಸುತ್ತದೆ. ಬಗ್ಗದಿದ್ದರೆ ಲೇಸರಿನಿಂದ ಸುಡುತ್ತದೆ. 2025ರ ಮೇ 8ರ ರಾತ್ರಿ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ ಪಾಕಿಸ್ತಾನದ 300ರಿಂದ 400 ಡ್ರೋನುಗಳು ಬಂದವೆಂದು ಸರ್ಕಾರ ಹೇಳಿತು. ಹಲವನ್ನು ಗುಂಡಿಲ್ಲದೆಯೂ ಕೆಡವಿದೆವೆಂದಿತು. ಅದೇ ಸಂಘರ್ಷದಲ್ಲಿ ಪಾಕಿಸ್ತಾನದ ಚೀನೀ ವಾಯುರಕ್ಷಣಾ ವ್ಯವಸ್ಥೆಗಳನ್ನು ಜಾಮ್ ಮಾಡಿ 23 ನಿಮಿಷದಲ್ಲಿ ಕಾರ್ಯಾಚರಣೆ ಮುಗಿಸಿದೆವು ಎಂಬ ಹೇಳಿಕೆಯೂ ಬಂತು. ಗುಂಡು ತಾಗಿ ಬಿದ್ದ ಡ್ರೋನಿಗೆ ತೂತಿರುತ್ತದೆ. ಅಲೆ ತಾಗಿ ಬಿದ್ದದ್ದಕ್ಕೆ ಇರುವುದಿಲ್ಲ. ಈ ಯುದ್ಧದ ಗೆಲುವಿಗೆ ಸಾಕ್ಷಿ ಗೆದ್ದವನ ಕಡತದಲ್ಲಷ್ಟೇ ಇರುತ್ತದೆ. ಹಾಗಾಗಿ ಎರಡೂ ಕಡೆಯ ಹೇಳಿಕೆಗಳನ್ನು ಸ್ವಲ್ಪ ಅಂತರದಲ್ಲಿಟ್ಟು ಓದುವುದು ಒಳ್ಳೆಯದು. ನನಗೆ ಹೆಚ್ಚು ಮುಖ್ಯವೆನಿಸಿದ್ದು ಬೇರೆ: ಮೂರೂ ಪಡೆಗಳ ರಡಾರು ಮತ್ತು ತಡೆ ಸಾಧನಗಳು ಆ ರಾತ್ರಿ ಒಂದೇ ಜಾಲದಲ್ಲಿ ಮಾತಾಡಿಕೊಂಡವು ಎಂಬುದು. 2019ರ ಫೆಬ್ರವರಿ 27ರ ಬಾನಕಾಳಗದಲ್ಲಿ ಮಿಗ್-21 ಚಾಲಕನಿಗೆ ‘ಹಿಂದಿರುಗು’ ಎಂಬ ಕರೆ ಜಾಮ್ ಆದ ರೇಡಿಯೋದಿಂದಾಗಿ ಕೇಳಿಸಲಿಲ್ಲವೆಂದು ವರದಿಗಳು ಹೇಳಿದ್ದವು. ಆರು ವರ್ಷದಲ್ಲಿ ಅಷ್ಟು ದಾರಿ ಸವೆದಿದ್ದರೆ ಅದು ಯಾವ ಜಾಮರಿಗಿಂತಲೂ ದೊಡ್ಡ ಗಳಿಕೆ.

ಇನ್ನು ಉಳಿದಿರುವುದು ಅಭ್ಯಾಸದ ಪ್ರಶ್ನೆ. 2022ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ ಭಾರತ್ ಎಲೆಕ್ಟ್ರಾನಿಕ್ಸ್ ಜೊತೆ ಎರಡು ಒಪ್ಪಂದ ಮಾಡಿಕೊಂಡಿತು. ಯುದ್ಧವಿಮಾನಗಳಿಗೆ ಹೊಸ ಸಾಧನಗಳಿಗಾಗಿ 1,993 ಕೋಟಿ. ಅಂಥ ಸಾಧನಗಳನ್ನು ಪರೀಕ್ಷಿಸುವ ಮೈದಾನಕ್ಕಾಗಿ 1,109 ಕೋಟಿ. ಎರಡನೆಯದರ ಬಗ್ಗೆ ಪತ್ರಿಕೆಗಳು ಹೆಚ್ಚು ಬರೆಯಲಿಲ್ಲ. ನೆಲದ ಮೇಲೆ ನಕಲಿ ಶತ್ರು ರಡಾರುಗಳನ್ನು ನಿಲ್ಲಿಸಿ, ಮೇಲೆ ಹಾರುವ ಚಾಲಕ ಅವನ್ನು ಗುರುತಿಸಿದನೇ, ಎಷ್ಟು ಹೊತ್ತಿಗೆ, ತಪ್ಪಿ ನಮ್ಮದನ್ನೇ ಶತ್ರುವೆಂದುಕೊಂಡನೇ ಎಂದು ಅಳೆಯುವ ಜಾಗ ಅದು. ಆ ನಕಲಿ ರಡಾರುಗಳು ನಮ್ಮ ಕೋಶದಲ್ಲಿ ಈಗಾಗಲೇ ಇರುವ ಲಯಗಳನ್ನೇ ಮತ್ತೆ ನುಡಿಸುತ್ತ ಕೂತರೆ ಎಲ್ಲ ಚಾಲಕರೂ ನೂರಕ್ಕೆ ನೂರು ಅಂಕ ಪಡೆಯುತ್ತಾರೆ. ಗಡಿಯಲ್ಲಿ ಕಳೆದ ತಿಂಗಳು ಕೇಳಿದ ಹೊಸ ಲಯ ಈ ತಿಂಗಳು ಮೈದಾನಕ್ಕೆ ಬರಬೇಕಾದರೆ, ಅದನ್ನು ಕೇಳಿದ ನೌಕಾಪಡೆಯವನು ವಾಯುಪಡೆಯವನಿಗೂ, ಅವನು ಬೆಂಗಳೂರಿನ ಪ್ರಯೋಗಾಲಯಕ್ಕೂ, ಪ್ರಯೋಗಾಲಯ ಜಾಲಹಳ್ಳಿಯ ಕಾರ್ಖಾನೆಗೂ ತಡಮಾಡದೆ ಕೊಡಬೇಕು. ಆ ಸರಪಳಿಗೆ ಎಷ್ಟು ವಾರ ಹಿಡಿಯುತ್ತದೆ ಎಂಬ ಲೆಕ್ಕವನ್ನು ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿ ವರ್ಷಕ್ಕೊಮ್ಮೆ ಕೇಳಿದರೆ ಸಾಕು. ಜಾಮರುಗಳ ಸಂಖ್ಯೆ ಕೇಳುವ ಅಗತ್ಯ ಬೀಳುವುದಿಲ್ಲ.